ಗಿಡಗಪ್ಪಿಯ ನೊರೆ

ಗಂಡನ ಮನೆಗೆ ಬಾಳಲು ಬಂದ ವರ್ಷ ನನ್ನ ಟ್ರಂಕಿನ ತಳದಲ್ಲಿ, ಎರಡು ಸೀರೆಗಳ ನಡುವೆ, ಒಂದು ಸಾಬೂನಿತ್ತು. ಗುಲಾಬಿ ಬಣ್ಣದ್ದು. ಹುಕ್ಕೇರಿಯಿಂದ ಹೊರಡುವ ದಿನ ನನ್ನಕ್ಕ ಅದನ್ನು ಕೈಗೆ ತುರುಕಿ, "ಆ ಹಳ್ಯಾಗ ಸಿಗೂದಿಲ್ಲ, ಇಟ್ಕೋ" ಅಂದಿದ್ದಳು. ನಾವು ಪೇಟೆಯ ಜೈನರು. ಅಪ್ಪನದು ಬಟ್ಟೆ ಅಂಗಡಿ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಬಸದಿಗೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದೆವು. ಸಾಬೂನಿನಲ್ಲಿ ಏನೇನು ಕೂಡಿಸಿರುತ್ತಾರೆ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಇದು ಮೂವತ್ತರ ದಶಕದ ಮಾತು. ನನಗಾಗ ಹದಿನಾರು ತುಂಬಿತ್ತು.

ತುಕ್ಕಾನಟ್ಟಿಯ ಮನೆ ಬೇರೆಯೇ ಆಗಿತ್ತು. ಊರ ಹೊರಗೆ, ಬಾವಿಯಿದ್ದ ಹೊಲದಲ್ಲೇ ಮನೆ. ಅತ್ತೆ, ಮಾವ, ನಮ್ಮವರು, ನಾನು, ನಾಲ್ಕೇ ಜನ. ಅತ್ತೆ ಎತ್ತರದ, ತೆಳ್ಳಗಿನ ಹೆಂಗಸು. ದನಿ ಏರಿಸಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಏರಿಸದೆ ಇರುತ್ತಿದ್ದುದೇ ನನಗೆ ಭಯ. ಅವರು ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಹನಿ ನೀರನ್ನು ಮತ್ತೆ ಅದೇ ಬಾವಿಗೆ ಇಳಿಸುತ್ತಿದ್ದರು, ಅದರೊಳಗಿನ ಜೀವ ಅದರ ಮನೆಗೆ ಹೋಗಲೆಂದು. ಮಳೆಗಾಲ ಶುರುವಾದರೆ ಹುಳು ಬಂದು ಬೀಳುತ್ತವೆಂದು ಹೊತ್ತು ಮುಳುಗಿದ ಮೇಲೆ ಕಂದೀಲು ಹಚ್ಚುವಂತಿರಲಿಲ್ಲ. ಒಲೆಗೆ ಹಾಕುವ ಕುಳ್ಳನ್ನೂ ಕಟ್ಟಿಗೆಯನ್ನೂ ಒಂದೊಂದಾಗಿ ನೆಲಕ್ಕೆ ಬಡಿದು, ಇರುವೆ ಗಿರುವೆ ಇದ್ದರೆ ಇಳಿದುಹೋಗಲು ಬಿಟ್ಟು, ಆಮೇಲೆ ಬೆಂಕಿಗೆ ತಳ್ಳಬೇಕು. ನಾನು ಬಡಿಯುವುದು ಮರೆತರೆ ಅವರು ಬೈಯುತ್ತಿರಲಿಲ್ಲ. ನನ್ನ ಕೈಯಿಂದ ಕುಳ್ಳು ತೆಗೆದುಕೊಂಡು ತಾವೇ ಬಡಿಯುತ್ತಿದ್ದರು.

ಬಂದ ಮೊದಲ ವಾರವೇ ಹೇಳಿದ್ದರು:

"ನಮ್ಮ ಮನ್ಯಾಗ ಸಾಬಾಣ ಬರೂದಿಲ್ಲವಾ. ಅದರಾಗ ದನದ ಕೊಬ್ಬ ಹಾಕಿರತಾರ. ಮೈಗೆ ಕಡ್ಲಿಹಿಟ್ಟು, ತಲಿಗೆ ಅಂಟವಾಳಕಾಯಿ. ಅಷ್ಟ."

"ಹೂಂನ್ರಿ" ಅಂದೆ.

ಆ ಹೊತ್ತಿಗೇ ಟ್ರಂಕು ತೆರೆದು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ತೋರಿಸಲಿಲ್ಲ. ಒಂದು ದಿನ ಕಳೆದ ಮೇಲೆ ತೋರಿಸುವುದು ಇನ್ನೂ ಕಷ್ಟವಾಯಿತು, ವಾರ ಕಳೆದ ಮೇಲೆ ಆಗದ ಮಾತಾಯಿತು. ಬಿಸಾಡಬೇಕೆಂದರೆ ಎಲ್ಲಿ? ಹೊಲದಲ್ಲಿ ಹೂತರೆ ನೇಗಿಲಿಗೆ ಸಿಗುತ್ತದೆ, ಬಾವಿಗೆ ಹಾಕಿದರೆ ನೀರು ಕೆಡುತ್ತದೆ. ಇಷ್ಟೆಲ್ಲ ಹೇಳಿದರೂ, ನಿಜವೆಂದರೆ ನನಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ಟ್ರಂಕು ತೆರೆದಾಗ ಬರುವ ಅದರ ವಾಸನೆಯಲ್ಲಿ ಹುಕ್ಕೇರಿಯ ಮನೆ ಇತ್ತು. ಅತ್ತೆ ಅಷ್ಟಮಿ, ಚತುರ್ದಶಿಗೆ ಬಸದಿಗೆ ಹೋಗಿ ಬರುವಷ್ಟರಲ್ಲಿ ನಾನು ಹಿತ್ತಲ ಬಚ್ಚಲಲ್ಲಿ ಗಡಿಬಿಡಿಯಿಂದ ಅದನ್ನು ಕೈಗೆ, ಮುಖಕ್ಕೆ ಹಚ್ಚಿ ತೊಳೆದುಕೊಂಡುಬಿಡುತ್ತಿದ್ದೆ.

ಬಚ್ಚಲಿಗೆ ಆತುಕೊಂಡಂತೆ ಒಂದು ಕಲ್ಲಿನ ತೊಟ್ಟಿ ಇತ್ತು, ನನ್ನ ಎದೆಯೆತ್ತರದ್ದು. ಬಾವಿಯಿಂದ ಸೇದಿದ ನೀರನ್ನು ಸೋಸಿ ಅದಕ್ಕೆ ತುಂಬುತ್ತಿದ್ದೆವು. ಸ್ನಾನಕ್ಕೂ ಪಾತ್ರೆಗೂ ಅದೇ ನೀರು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಹಚ್ಚಿದ್ದರು. ಅದರ ಎಲೆಗಳು ತೊಟ್ಟಿಯ ಮೇಲೆ ಬಾಗಿದ್ದವು.

ಆ ವರ್ಷದ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ನೀರು ಕಾಯಿಸಲು ಹಿತ್ತಲಿಗೆ ಹೋದೆ. ತೊಟ್ಟಿಯ ಒಳಗೋಡೆಯಲ್ಲಿ, ನೀರಿನಿಂದ ಒಂದು ಗೇಣು ಮೇಲೆ, ಅಂಗೈಯಷ್ಟು ದೊಡ್ಡ ನೊರೆಯ ಮುದ್ದೆ ಅಂಟಿಕೊಂಡಿತ್ತು. ಬೆಳ್ಳಗೆ, ಉಕ್ಕಿದ ಹಾಲಿನ ಹಾಗೆ. ಹಿಂದಿನ ದಿನವೇ ನಾನು ಸಾಬೂನು ಹಚ್ಚಿದ್ದೆ. ಅದರ ನೊರೆ ಸಿಡಿದು ಇಲ್ಲಿ ಕೂತಿದೆ, ಹೇಗೋ ಒಣಗದೆ ಉಳಿದಿದೆ ಎಂದೇ ತಿಳಿದೆ. ಒಂದು ಹನಿ ಸಿಡಿದರೆ ಅಂಗೈಯಷ್ಟು ಹೇಗಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ಆಗ ಇರಲಿಲ್ಲ.

ತೆಂಗಿನ ನಾರಿನಿಂದ ಕೆರೆದು ಬಾಳೆಲೆಯ ಸೀಳಿನ ಮೇಲೆ ತೆಗೆದೆ. ಸಾಬೂನಿನ ಹಾಗೆ ಜಾರಲಿಲ್ಲ, ಅಂಟಂಟಾಗಿ ಎಳೆ ಬಿಟ್ಟಿತು. ಒಳಗೆ ಗಸಗಸೆಗಿಂತ ತುಸು ದಪ್ಪದ, ಬಿಳಿಯ ಕಾಳಿನಂಥವು ಕಂಡವು. ಕಂಡವು ಎನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಏನಿವು ಎಂದು ಕ್ಷಣ ಕೈ ನಿಂತದ್ದೂ ನಿಜ. ಅಷ್ಟರಲ್ಲಿ ಒಳಗಿಂದ ಅತ್ತೆಯ ಬಳೆ ಸದ್ದು ಕೇಳಿತು. ಬಚ್ಚಲ ಒಲೆ ಉರಿಯುತ್ತಿತ್ತು. ಎಲೆಯ ಸಮೇತ ಒಳಗೆ ತಳ್ಳಿದೆ. ಅದು ಚುಂಯ್ ಎಂದಿತು.

"ಏನ್ ಸುಟ್ಟ ವಾಸನಿ?" ಎನ್ನುತ್ತ ಅತ್ತೆ ಬಂದರು.

"ಹಸಿ ಎಲಿ ಬಿತ್ರಿ" ಅಂದೆ.

ಆ ದಿನವೇ ಇನ್ನು ಸಾಬೂನು ಮುಟ್ಟುವುದಿಲ್ಲ ಎಂದು ನಿರ್ಧಾರ ಮಾಡಿದೆ. ಮುಟ್ಟಲೂ ಇಲ್ಲ. ಹತ್ತು ದಿನ ನೆಮ್ಮದಿಯಿಂದ ಇದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಅದೇ ಗೋಡೆ. ಈ ಸಲ ಮುದ್ದೆ ಎರಡು ಅಂಗೈ ಕೂಡಿಸಿದಷ್ಟು ಇತ್ತು. ಅತ್ತೆ ಬೆರಳು ಮಾಡಿ ತೋರಿಸಿದರು, ಮುಟ್ಟಲಿಲ್ಲ.

"ಇದೇನವಾ?"

ಇದು ನನ್ನದಲ್ಲ, ಹತ್ತು ದಿನದಿಂದ ನಾನು ಮುಟ್ಟಿಲ್ಲ. ಆದರೆ ಹಾಗೆ ಹೇಳಿದರೆ ಹತ್ತು ದಿನದ ಹಿಂದೆ ಮುಟ್ಟಿದ್ದೆ ಎಂದು ಹೇಳಿದಂತಾಗುತ್ತದೆ.

"ಗೊತ್ತಿಲ್ರಿ ಅತ್ತಿ."

"ಅಂಟವಾಳದ್ದಲ್ಲ. ಅದರ ನೊರಿ ತಾಸೊಪ್ಪತ್ತಿಗೆ ಆರತೈತಿ. ಇದು ಸಾಬಾಣದ್ದು." ತೊಟ್ಟಿಯಿಂದ ಹಿಂದೆ ಸರಿದು ನಿಂತರು. "ನಾ ಯಾರ ಟ್ರಂಕೂ ತಗದ ನೋಡಾಂಗಿಲ್ಲ. ಹೇಳೂವ್ರು ತಾವ ಹೇಳಬೇಕು. ಈ ನೀರ ಯಾರೂ ಮುಟ್ಟಬ್ಯಾಡ್ರಿ. ಬಿತ್ತಿಗಿ ಮುಗದ ಕೂಡ್ಲೆ ಆಳ ಬರತಾರ, ಇನ್ನ ನಾಕ ದಿನಕ್ಕ. ತೊಟ್ಟಿ ಬರಿದ ಮಾಡ್ಸಿ ಸುಣ್ಣಾ ಹೊಡಸತೀನಿ."

ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ನೇರವಾಗಿಯೇ ಕೇಳಿದರು: "ನೀ ತಂದೀ ಏನು?"

"ಇಲ್ರಿ."

ಅವರು ನನ್ನ ಮುಖ ನೋಡಿದರು. ನಂಬಿದರು. ನಂಬಿದ್ದಷ್ಟೇ ಅಲ್ಲ, ಒಳಗೆ ಹೋಗಿ, "ಅವ್ವಾ, ಆಕಿ ತಂದಿಲ್ಲ. ನಾ ಕೇಳೇನಿ" ಎಂದು ತಾಯಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಬಚ್ಚಲಲ್ಲಿ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಆವರೆಗೆ ನನ್ನೊಬ್ಬಳ ಮೇಲಿದ್ದ ಸುಳ್ಳು ಈಗ ಅವರ ಬಾಯಿಗೂ ಬಂದಿತ್ತು.

ಕಳೆ ತೆಗೆಯಲು ನಮ್ಮ ಹೊಲಕ್ಕೆ ಒಬ್ಬ ಮುದುಕಿ ಬರುತ್ತಿದ್ದಳು. ಮಮದಾಪುರದ ಹೆಣ್ಣು, ಈ ಊರಿಗೆ ಕೊಟ್ಟವಳು. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ಆ ಸಂಜೆ ಕೈಕಾಲು ತೊಳೆಯಲು ಬಂದವಳು ತೊಟ್ಟಿಗೆ ಬಾಗಿ ನೋಡಿ ನಕ್ಕಳು.

"ಅಕ್ಕಾರ, ಗಿಡಗಪ್ಪಿ ಕಟ್ಟೈತಲ್ರಿ ಇಲ್ಲಿ!"

ಅತ್ತೆ ಹೊರಗೆ ಬಂದರು. "ಏನಂದಿ?"

"ಗಿಡಾ ಹತ್ತೂ ಕಪ್ಪಿ ರೀ. ಹಿಂಗ ನೊರಿ ಮಾಡಿ ಅದರಾಗ ತತ್ತಿ ಇಡತೈತಿ. ನಮ್ಮ ತವರಮನಿ ಬಾವ್ಯಾಗ ಮಳಿಗಾಲ ಬಂತಂದ್ರ ನಾಕೈದ ಜೋತ ಬಿದ್ದಿರತಿದ್ವು."

"ಕಪ್ಪಿ ನೀರಾಗ ಇಡತಾವ. ಕರೀ ಕಾಳಿನ ಸರಾ. ನಾ ಹುಟ್ಟಿದಾಗಿಂದ ನೋಡೇನಿ" ಎಂದರು ಅತ್ತೆ. "ಗ್ವಾಡಿ ಹತ್ತಿ ನೊರಿ ಕಟ್ಟೂ ಕಪ್ಪಿ ಎಲ್ಲೈತಿ?"

"ಐತ್ರಿ. ಇಲ್ಲೇ ಎಲ್ಲೋ ಇರಬೇಕು."

"ಹಂಗಾದ್ರ ತೋರಸು. ಕಣ್ಣಿಲೆ ನೋಡಿದ್ರ ತೊಟ್ಟಿ ಮುಟ್ಟೂದಿಲ್ಲ."

ತತ್ತಿ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ಆದರೆ ಆಗ ನನಗೆ ಹಿಡಿದ ಆಸೆ ಒಂದೇ: ಕಪ್ಪೆ ಸಿಕ್ಕರೆ ನಾನು ಬದುಕಿದೆ. ಬೆಳ್ಳನೆಯ ಆ ಕಾಳುಗಳನ್ನು ನನ್ನ ಮನಸ್ಸು ಹತ್ತಿರ ಬರಗೊಡಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಹುಡುಕಲು ಶುರು ಮಾಡಿದೆ. ಪೇಟೆಯಲ್ಲಿ ಬೆಳೆದ ನನಗೆ ಕಪ್ಪೆ ಎಂದರೆ ಕಪ್ಪೆ, ಅಷ್ಟೇ. ಬಚ್ಚಲ ಕಲ್ಲು ಎತ್ತಿದರೆ ಒಂದು ಕೂತಿತ್ತು. ಮೈತುಂಬ ಗುಳ್ಳೆ, ಗಿಡ್ಡ ಕಾಲು. ಹೆದರುತ್ತಲೇ ಅದರ ಮೇಲೆ ಬುಟ್ಟಿ ಬೋರಲು ಹಾಕಿ ಆಯಿಯನ್ನು ಕೂಗಿದೆ. ಆಕೆ ಬುಟ್ಟಿ ಎತ್ತಿ ನೋಡಿ, "ಅಯ್ಯ, ಇದು ನೆಲದ್ದು ಯವ್ವಾ. ಇದರ ಕೈಲೆ ಒಂದ ಗೇಣ ಹತ್ತಾಕ ಆಗೂದಿಲ್ಲ" ಎಂದಳು. ಕಾಲುವೆಯ ನೀರಲ್ಲಿ ಕಣ್ಣು ಮಾತ್ರ ಮೇಲೆ ಬಿಟ್ಟುಕೊಂಡು ತೇಲುತ್ತಿದ್ದ ಇನ್ನೊಂದನ್ನು ತೋರಿಸಿದೆ. ಅದೂ ಅಲ್ಲ. ಕಬ್ಬಿನ ಬದುವಿನಲ್ಲಿ ಹಸಿರು ಗೆರೆಯ, ಉದ್ದ ಮೂತಿಯದೊಂದು ಸಿಕ್ಕಿತು. ಇದೇ ಇರಬೇಕು ಎಂದು ಸೆರಗಿನಲ್ಲಿ ಹಿಡಿದು ತಂದೆ. ಆಯಿ ಅದರ ಕಾಲು ಹಿಡಿದು ಬೆರಳು ಅರಳಿಸಿ ತೋರಿಸಿದಳು.

"ತುದಿ ನೋಡು. ಮುಳ್ಳಿನಂಗ ಚೂಪ ಐತಿ. ಗಿಡಗಪ್ಪೀದು ಹಿಂಗಿರೂದಿಲ್ಲ. ಒಂದೊಂದ ಬೆರಳ ತುದಿಗೂ ಜ್ವಾಳದ ಕಾಳ ಚಪ್ಪಟಿ ಮಾಡಿ ಅಂಟಿಸಿದಂಗ ಇರತೈತಿ. ಅದರಿಂದನ ಅದು ಗ್ವಾಡಿ ಹಿಡಿಯೂದು. ನಡಾ ಸಣ್ಣ, ಕಣ್ಣ ದೊಡ್ಡೂವು. ಬಣ್ಣ ನಂಬಬ್ಯಾಡ, ಕೂತಲ್ಲಿ ಕೂತಂಗ ಆಗತೈತಿ. ಬೆರಳ ನೋಡು."

ಆ ದಿನವಿಡೀ ನೋಡಿದೆ. ಬಾವಿಯ ಕಲ್ಲುಸಂದಿ, ಕುಳ್ಳಿನ ಒಟ್ಟು, ಕೊಟ್ಟಿಗೆಯ ಗಳು, ಬಣವೆಯ ಬುಡ. ಅಡಿಗೆ ತಡವಾಯಿತು. ಅತ್ತೆ ತಾವೇ ಒಲೆ ಹಚ್ಚಿದರು. ನಮ್ಮವರು, "ಕಪ್ಪಿ ಹಿಡಿಯಾಕ ಹತ್ತೀ ಏನ ಈಗ?" ಎಂದು ನಕ್ಕರು. ಆ ನಗುವಿನಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನಾನು ತಲೆ ತಗ್ಗಿಸಿ ರೊಟ್ಟಿ ಬಡಿದೆ.

ಎರಡನೆಯ ದಿನ ಮುಸ್ಸಂಜೆ, ಊಟವಾಗಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಗ, ಬಾಳೆಯ ಕಡೆಯಿಂದ ಸದ್ದು ಬಂತು. ಟಕ್, ಟಕ್, ಟಕ್. ಯಾರೋ ಕಟ್ಟಿಗೆಯ ಸೌಟನ್ನು ಕಂಬಕ್ಕೆ ಬಡಿದಂತೆ. ನಿಂತಿತು. ಮತ್ತೆ ಬಂತು. ಅತ್ತೆ ನನ್ನ ಹಿಂದೆ ಬಂದು ನಿಂತರು.

"ಏನದು?"

"ಗಿಡಗಪ್ಪಿ ಇರಬೇಕ್ರಿ."

"ಹಲ್ಲಿ ಅದು" ಎಂದು ಒಳಗೆ ಹೋದರು. ಆದರೆ ಹೋಗುವ ಮುಂಚೆ ಇನ್ನೊಮ್ಮೆ ಕೇಳಿಸಿಕೊಳ್ಳಲು ನಿಂತದ್ದನ್ನು ನಾನು ಗಮನಿಸಿದೆ. ಕಂದೀಲು ತೆಗೆದುಕೊಂಡು ಹೋಗುವಂತಿರಲಿಲ್ಲ. ಕತ್ತಲಲ್ಲಿ ಬರಿಗೈಯಲ್ಲಿ ಬಾಳೆಯೊಳಗೆ ಹೋಗಲು ಹಾವಿನ ಭಯ. ಹಾಸಿಗೆಗೆ ಹೋದೆ, ನಿದ್ದೆ ಬರಲಿಲ್ಲ. ಸಿಗದಿದ್ದರೆ? ಸಿಕ್ಕಿಯೂ ಅತ್ತೆ ನಂಬದಿದ್ದರೆ? ಆಗ ಅವರು ಟ್ರಂಕಿನ ಕಡೆ ನೋಡಿಯೇ ನೋಡುತ್ತಾರೆ. ನೋಡದಿದ್ದರೂ ನಾನು ಆ ಕೋಣೆಯಲ್ಲಿ ಹೇಗೆ ಮಲಗಲಿ?

ಮೂರನೆಯ ದಿನ ಚತುರ್ದಶಿ. ಅತ್ತೆ ಬೆಳಿಗ್ಗೆಯೇ ಬಸದಿಗೆ ಹೋದರು. ನಾನು ಬಾಳೆಗೆ ಹೋದೆ. ಒಂದೊಂದು ಗಿಡವನ್ನೂ ಬುಡದಿಂದ ತುದಿಯವರೆಗೆ ನೋಡುತ್ತ ಬಂದೆ. ನಾಲ್ಕನೆಯ ಗಿಡದಲ್ಲಿ, ಎಲೆಯ ದಂಟು ಕಾಂಡಕ್ಕೆ ಸೇರುವ ಸಂದಿಯಲ್ಲಿ, ಒಣ ಸಿಪ್ಪೆಯ ಒಂದು ಗಂಟು ಇತ್ತು. ನೋಡಿ ಮುಂದೆ ಹೋದೆ. ಏನೋ ಅನ್ನಿಸಿ ತಿರುಗಿ ಬಂದೆ. ಗಂಟಿಗೆ ಕಣ್ಣಿದ್ದವು, ಅರೆಮುಚ್ಚಿದ್ದವು. ಗಂಟಲ ಕೆಳಗೆ ತೊಗಲು ಸಣ್ಣಗೆ ಮಿಡಿಯುತ್ತಿತ್ತು.

ಕೈಕಾಲೆಲ್ಲ ಹೊಟ್ಟೆಯಡಿ ಮಡಚಿ ಕೂತಿದ್ದರಿಂದ ಬೆರಳು ಕಾಣಲಿಲ್ಲ. ಕಡ್ಡಿಯಿಂದ ಮೆಲ್ಲಗೆ ಬದಿಗೆ ಮುಟ್ಟಿದೆ. ಅದು ಒಂದು ಕೈ ಹೊರಗೆ ಚಾಚಿ ಹಸಿರು ದಂಟಿನ ಮೇಲೆ ಇಟ್ಟಿತು. ನಾಲ್ಕು ಬೆರಳು, ನಾಲ್ಕರ ತುದಿಗೂ ಗುಂಡನೆಯ ಚಪ್ಪಟೆ ಬಿಲ್ಲೆ. ನಾನು ಉಸಿರು ಬಿಡುವಷ್ಟರಲ್ಲಿ ಹಾರಿ ನನ್ನ ಮುಂಗೈ ಮೇಲೆ ಬಂತು. ತಣ್ಣಗೆ, ಒದ್ದೆ ಬಟ್ಟೆಯ ತುಂಡಿನಂತೆ ಅಂಟಿತು. ಚೀರಲಿಲ್ಲ, ಚೀರಿದರೆ ಓಡಿಹೋಗುತ್ತದೆಂಬ ಭಯ ಕಪ್ಪೆಯ ಭಯಕ್ಕಿಂತ ದೊಡ್ಡದಾಗಿತ್ತು. ಅದು ಮತ್ತೆ ಹಾರಿದಾಗ ತೊಡೆಯ ಹಿಂಬದಿಯಲ್ಲಿ ಕಪ್ಪಿನ ಮೇಲೆ ಹಳದಿ ಚುಕ್ಕೆ ಮಿಂಚಿದವು. ಹೋಗಿ ಬಚ್ಚಲ ಗೋಡೆ ಹಿಡಿದು, ಮೇಲೇರಿ, ಮಾಡಿನ ನೆರಳಲ್ಲಿ ಮಡಚಿಕೊಂಡು ಕೂತಿತು. ಸ್ವಲ್ಪ ಹೊತ್ತಿಗೆ ನೋಡಿದರೆ ಗೋಡೆಯ ಮಣ್ಣಿನ ಬಣ್ಣಕ್ಕೆ ಹತ್ತಿರವಾಗಿತ್ತು.

ಆಯಿಯನ್ನು ಕೂಗಿದೆ. ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇದ. ಇದ ನೋಡು ಗಿಡಗಪ್ಪಿ!" ಎಂದಳು. ನನಗೆ ಅಳು ಬಂತು. ಆಯಿ ತೊಟ್ಟಿಯ ಕಡೆ ತಿರುಗಿದಳು.

"ಮೂರ ದಿನ ಆತಲ್ಲ. ಒಳಗ ಮರಿ ಆಗಿರಬೇಕು, ಬಾ."

ನೊರೆಯ ಮೇಲ್ಪದರ ಒಣಗಿ ಹಳದಿ ಬಣ್ಣಕ್ಕೆ ತಿರುಗಿತ್ತು. ಆಯಿ ಜೋಳದ ದಂಟಿನ ಚೂಪು ತುದಿಯಿಂದ ಅಂಚನ್ನು ಒಂದಿಷ್ಟೇ ಸರಿಸಿದಳು. ಒಳಗೆ ಅದೇ ಬಿಳಿ ಕಾಳುಗಳು. ಆದರೆ ಈಗ ಒಂದೊಂದಕ್ಕೂ ಬಾಲ ಮೂಡಿತ್ತು. ಕೆಲವು ಅಲುಗುತ್ತಿದ್ದವು.

"ಹ್ವಾದ ಮಳಿಗೂ ಇಲ್ಲೊಂದಿತ್ತು" ಎಂದಳು ಆಯಿ, ಅಂಚನ್ನು ಮತ್ತೆ ಮುಚ್ಚುತ್ತ. "ನಸಕಿನ್ಯಾಗ ದನಾ ಬಿಡಾಕ ಬಂದಾಗ ನೋಡಿದ್ದೆ. ಅದೆಲ್ಲಿ ಹೋತೋ ಏನೋ."

ನನಗೆ ಒಲೆಯಿಂದ ಬಂದ ಆ ಸದ್ದು ಕೇಳಿಸಿತು. ಎರಡು ವಾರದಿಂದ ಕಿವಿಯಲ್ಲೇ ಇದ್ದು ಈಗ ಹೊರಬಂದ ಹಾಗೆ. ಒಗೆಯುವ ಕಲ್ಲಿನ ಮೇಲೆ ಕೂತೆ. ಎಷ್ಟಿದ್ದವು? ನೂರು? ಇನ್ನೂರು? ಒಂದು ಇರುವೆಗಾಗಿ ಕುಳ್ಳು ಬಡಿಯುವ ಮನೆಯಲ್ಲಿ ನಾನು ಅಷ್ಟನ್ನೂ ಕೈಯಾರೆ ಬೆಂಕಿಗೆ ಹಾಕಿದ್ದೆ.

ಆಯಿ ಕಳೆಗೆ ಹೋದಳು. ನಾನು ಕಪ್ಪೆಯನ್ನು ಕಾಯುತ್ತ ಕೂತೆ. ಒಂದು ಕಾಗೆ ಮಾಡಿನ ಮೇಲೆ ಬಂದು ಕೂತಿತು, ಓಡಿಸಿದೆ; ಮತ್ತೆ ಬಂತು, ಮತ್ತೆ ಓಡಿಸಿದೆ. ಕಪ್ಪೆ ಹೋದರೆ ಸಾಬೂನಿನ ಅಪವಾದ ಉಳಿಯುತ್ತದೆ, ನಾಳೆ ತೊಟ್ಟಿಗೆ ಸುಣ್ಣ ಬೀಳುತ್ತದೆ, ಇವೂ ಸಾಯುತ್ತವೆ. ಕಪ್ಪೆ ಇದ್ದರೆ ಅತ್ತೆ ನಂಬುತ್ತಾರೆ, ನಾನು ಪಾರಾಗುತ್ತೇನೆ, ಮೊದಲನೆಯದರ ಮಾತು ಯಾರಿಗೂ ಗೊತ್ತಾಗಬೇಕಿಲ್ಲ. ಆಯಿಗೂ ಗೊತ್ತಿಲ್ಲ. ಸುಮ್ಮನಿದ್ದುಬಿಡಬಹುದು. ಹಾಗೆ ಅಂದುಕೊಂಡಾಗಲೆಲ್ಲ ಎದ್ದು ಹೋಗಿ ನೊರೆಯನ್ನು ನೋಡಿ ಬರುತ್ತಿದ್ದೆ. ಬಿಸಿಲೇರಿತು. ಅತ್ತೆ ಇನ್ನೂ ಬರಲಿಲ್ಲ. ಆ ಒಂದು ಮುಂಜಾನೆಯಷ್ಟು ಉದ್ದದ ಮುಂಜಾನೆಯನ್ನು ನಾನು ಆಮೇಲೆ, ಹೆರಿಗೆಯ ದಿನಗಳಲ್ಲೂ, ಕಂಡಿಲ್ಲ.

ಅವರು ಬಂದಾಗ ಕಪ್ಪೆ ಅಲ್ಲೇ ಇತ್ತು. ಕೈ ಮಾಡಿ ತೋರಿಸಿದೆ. ಅವರಿಗೆ ಗೋಡೆ ಮಾತ್ರ ಕಂಡಿತು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಅಷ್ಟರಲ್ಲಿ ಅದು ಕಣ್ಣು ತೆರೆಯಿತು. ಅತ್ತೆ ಬೆಚ್ಚಿ ಹಿಂದೆ ಸರಿದರು.

"ಖರೆನ ಐತಲ್ಲ!"

ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ಆಯಿ ಮಾಡಿದಂತೆಯೇ ದಂಟಿನಿಂದ ಅಂಚು ಸರಿಸಿದೆ. ಅವರು ಬಾಗಿ ಬಹಳ ಹೊತ್ತು ನೋಡಿದರು. ಎದ್ದಾಗ ಮುಖ ಬಿಳಿಚಿತ್ತು.

"ನಾಳಿ ಸುಣ್ಣಾ ಹೊಡಸಾಕಿ ಇದ್ದೆನಲ್ಲವಾ" ಎಂದರು. ಕೈ ಮುಗಿದು ಕಣ್ಣು ಮುಚ್ಚಿ ಪಂಚ ನಮಸ್ಕಾರ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮ್ಯಾಲ ಇಲ್ಲದ ಸಂಶೇ ಪಟ್ಟೆ. ತಪ್ಪಾತು" ಎಂದರು.

ಅತ್ತೆ ಸೊಸೆಗೆ ತಪ್ಪಾಯಿತೆನ್ನುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಆ ಮಾತನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

"ಇಲ್ರಿ ಅತ್ತಿ. ಸಾಬಾಣ ಐತ್ರಿ ನನ್ನ ಕಡೆ. ಟ್ರಂಕಿನ್ಯಾಗ. ಹಚ್ಕೊಂಡೇನ್ರಿ." ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. "ಹಿಂದ ಒಂದ ಇತ್ರಿ ಇಂಥಾದ್ದು. ಸಾಬಾಣದ್ದಂತ ಅಂಜಿ ಕೆರದ್ನಿರಿ. ಒಲಿಗೆ ಹಾಕಿದ್ನಿರಿ. ಹಸಿ ಎಲಿ ಅಂದಿದ್ನೆಲ್ರೀ, ಅದ ರೀ."

ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತರು. ನಾನು ನಿಂತೇ ಇದ್ದೆ.

"ಒಳಗ ಕಾಳ ಇದ್ದೂವೇನು?"

"ಇದ್ದೂರಿ."

"ನಿನಗ ಕಂಡಿದ್ದೂವೇನು?"

ಇಲ್ಲ ಎನ್ನಬಹುದಿತ್ತು. "ಕಂಡಿದ್ದೂರಿ. ಏನಂತ ತಿಳೀಲಿಲ್ಲ. ನಿಮ್ಮ ಬಳಿ ಸಪ್ಪಳ ಕೇಳಿ ಹಾಕಿಬಿಟ್ಟೆ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಬೈಯಲಿ, ಹೊಡೆಯಲಿ, ತವರಿಗೆ ಕಳಿಸಲಿ, ಏನಾದರೂ ಮಾಡಲಿ ಎಂದು ನಾನು ಕಾಯುತ್ತಿದ್ದೆ.

"ನನಗ ಅಂಜಿ ಹಾಕೀದಿ" ಎಂದರು ಕೊನೆಗೆ. "ಅಂದ ಮ್ಯಾಲ ಅರ್ಧಾ ನಂದೂ ಐತಿ."

ಅಷ್ಟೇ ಹೇಳಿ ಒಳಗೆ ಹೋದರು. ಮರುದಿನ ಅವರು ಉಪವಾಸ ಮಾಡಿದರು, ನೀರನ್ನೂ ಮುಟ್ಟಲಿಲ್ಲ. ನನಗೆ ಮಾಡು ಎಂದು ಹೇಳಲಿಲ್ಲ. ಹೇಳಿದ್ದರೆ ಹಗುರವಾಗುತ್ತಿತ್ತು. ನಾನೂ ಊಟ ಬಿಟ್ಟೆ. ಸಂಜೆ ಇಬ್ಬರೂ ಒಂದೇ ಕಂಬಕ್ಕೆ ಆತು ಕೂತಾಗ, ಸಾಬೂನನ್ನು ತಂದು ಅವರ ಮುಂದಿಟ್ಟೆ. ಅವರು ಅದನ್ನು ಎಲೆಯಲ್ಲಿ ಹಿಡಿದು ಮೂಸಿ ನೋಡಿ, "ವಾಸನಿ ಛಲೋ ಐತಿ" ಎಂದು ಆಯಿಗೆ ಕೊಟ್ಟರು. ನಮ್ಮವರಿಗೆ ನಾನೇ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸಾಬೂನಿಗಲ್ಲ, ತಾಯಿಯ ಮುಂದೆ ತಮ್ಮಿಂದ ಸುಳ್ಳು ಹೇಳಿಸಿದ್ದಕ್ಕೆ. ಮೂರನೆಯ ದಿನ ಹೊಲದಿಂದ ಎಳೆ ಸೌತೆಕಾಯಿ ತಂದು ಮುಂದಿಟ್ಟರು. ಅದೇ ರಾಜಿ.

ಆದರೆ ನೊರೆ ಇನ್ನೂ ಗೋಡೆಯಲ್ಲೇ ಇತ್ತು. ಆ ಎರಡು ದಿನ ಮಳೆ ಬರಲಿಲ್ಲ. ಬಿಸಿ ಗಾಳಿ ಬೀಸಿತು. ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗತೊಡಗಿತು. ಒಳಗಿನವು ಒಣಗಿ ಸತ್ತರೆ? ನಾನು ಸೋಸಿದ ನೀರನ್ನು ಬೆರಳಿಂದ ಚಿಮುಕಿಸುತ್ತಿದ್ದೆ. ಹೆಚ್ಚಾದರೆ ಕರಗಿ ಹೋಗುತ್ತದೇನೋ ಎಂದು ಭಯ, ಕಡಿಮೆಯಾದರೆ ಸಾಲದೇನೋ ಎಂದು ಭಯ. ನಂತರ ಇರುವೆ ಸಾಲು ಹತ್ತಿತು. ಅತ್ತೆ ಗೋಡೆಯ ಮೇಲೆ ಅರಿಶಿನದ ಗೆರೆ ಎಳೆದು, ಇರುವೆಗಳ ದಾರಿಯಲ್ಲಿ ಒಂದು ಹಿಡಿ ಸಕ್ಕರೆ ಇಟ್ಟು, ಆ ಕಡೆ ತಿರುಗಿಸಿದರು. "ಅವಕ್ಕೂ ಹೊಟ್ಟಿ ಐತಿ" ಎಂದರು. ಮಧ್ಯಾಹ್ನಕ್ಕೊಮ್ಮೆ ನಾನು, ಒಮ್ಮೆ ಅವರು ಎದ್ದು ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದೆವು. ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗೋಕಾವಿಯ ಕಡೆಯಿಂದ ಮೋಡ ಎದ್ದು ಮಳೆ ಬಂತು. ನಾವಿಬ್ಬರೂ ಗೋಣಿಕೊಪ್ಪೆ ಹೊದ್ದು ತೊಟ್ಟಿಯ ಬದಿಗೆ ನಿಂತೆವು. ನೊರೆ ಮೆತ್ತಗಾಯಿತು, ಕೆಳಗಡೆ ಜೋತಿತು. ಅದರಿಂದ ಒಂದು ಹನಿ ನೀರಿಗೆ ಬಿತ್ತು. ಹನಿಯಲ್ಲ, ಬಾಲ ಬಡಿಯಿತು. ಇನ್ನೊಂದು ಬಿತ್ತು. ಆಮೇಲೆ ಎರಡು ಮೂರು ಒಟ್ಟಿಗೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಬಿಡುವಾಗ ಅಲ್ಲಿ ಅವರ ಬೆರಳಿನ ಗುರುತು ಮೂಡಿತ್ತು.

ನಾಲ್ಕು ದಿನಕ್ಕೆಂದಿದ್ದ ತೊಂದರೆ ಅದರಿಂದ ಇನ್ನೂ ಬೆಳೆಯಿತು. ಮರಿಗಳು ಇರುವವರೆಗೆ ತೊಟ್ಟಿಯ ನೀರು ಮುಟ್ಟುವಂತಿಲ್ಲ; ಸ್ನಾನಕ್ಕೂ ಪಾತ್ರೆಗೂ ಬಾವಿಯಿಂದ ಹೊತ್ತು ತರಬೇಕು. ಮಾವ, "ಕಪ್ಪಿಗೆ ತೊಟ್ಟಿ, ನಮಗ ಕೊಡಾ" ಎಂದು ಗೊಣಗಿದರು. ಅತ್ತೆ ಇನ್ನೊಂದು ಕೊಡ ಎತ್ತಿಕೊಂಡರು. ದಿನಕ್ಕೆ ಒಂದೆರಡು ಮರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಂಡವನ್ನು ಎಲೆಯಲ್ಲಿ ಎತ್ತಿ ಬಾಳೆಯ ಬುಡದಲ್ಲಿ ಇಡುತ್ತಿದ್ದೆ.

ಪಂಚಮಿಗೆ ಅಣ್ಣ ಕರೆಯಲು ಬಂದ. ಹೋಗಲು ನನಗೆ ಮನಸ್ಸಿರಲಿಲ್ಲ. ಎಂಟು ತಿಂಗಳಿಂದ ಕಾದ ತವರು, ಆದರೂ ತೊಟ್ಟಿಯ ಕಡೆಗೇ ಜೀವ. "ಹೋಗ್ ಬಾ, ನಾ ಇಲ್ಲೇ ಅದೀನಲ್ಲ" ಎಂದರು ಅತ್ತೆ. ಮೋಟಾರಿನಲ್ಲಿ ಹುಕ್ಕೇರಿಗೆ ಬಂದೆ. ಜೋಕಾಲಿ, ತಂಬಿಟ್ಟು, ಗೆಳತಿಯರು. ಇವೆಲ್ಲದರ ನಡುವೆ ನಾನು ಕಾಗೆ ಕಂಡರೆ ಎದ್ದು ನಿಲ್ಲುತ್ತಿದ್ದೆ. ಅಕ್ಕ ನಕ್ಕಳು, ಅವ್ವ ನನ್ನ ಹಣೆ ಮುಟ್ಟಿ ನೋಡಿದಳು.

ನಾಲ್ಕನೆಯ ದಿನ ಅಪ್ಪ ಅಂಗಡಿಯಿಂದ ಗಾಬರಿಯಲ್ಲಿ ಮನೆಗೆ ಬಂದರು. ಕೈಯಲ್ಲಿ ಒಂದು ಕಾರ್ಡು. ನಮ್ಮವರ ಅಕ್ಷರ, ಅತ್ತೆ ಬರೆಸಿದ್ದು.

"ಏನಾಗೇತವಾ ಅಲ್ಲಿ? 'ಹಿಂದಿನ ಕಾಲು ಬಂದಿವೆ, ಮುಂದಿನವು ಇನ್ನೂ ಬಂದಿಲ್ಲ, ಅವ್ವ ತಿಳಿಸಲು ಹೇಳಿದ್ದಾಳೆ' ಅಂತ ಬರದಾರ. ಯಾರ ಕಾಲು? ಯಾವ ಕಾಲು?"

ನಾನು ಕಾರ್ಡು ಕಸಿದುಕೊಂಡು ಮೂರು ಸಲ ಓದಿದೆ. ಆಮೇಲೆ ನಡೆದದ್ದೆಲ್ಲ ಅಪ್ಪನಿಗೆ ಹೇಳಿದೆ, ಸಾಬೂನು, ಒಲೆ ಎಲ್ಲ. ಅಕ್ಕ ಅಳತೊಡಗಿದಳು. ಅಪ್ಪ ಹೊಸ ಕಾರ್ಡೊಂದನ್ನು ತಂದು, "ಏನ ಬರೀಲಿ?" ಎಂದರು.

ಯೋಚಿಸಿದೆ. ಕಾಲು ಬಂದರೆ ಅವು ನೀರಿನಿಂದ ಹೊರಗೆ ಬರಬೇಕು. ಆ ಗೋಡೆ ನುಣುಪು. ಇಷ್ಟು ಸಣ್ಣವಕ್ಕೆ ಹತ್ತಲಾಗದೆ ಮುಳುಗಿದರೆ? "ತೊಟ್ಟಿಯೊಳಗೆ ಒಂದು ಕಟ್ಟಿಗೆ ಇಳಿಬಿಡಿರಿ ಎಂದು ಬರೀರಿ. ಲಗೂನ ಹಾಕ್ರಿ" ಎಂದೆ. ಅಪ್ಪ ಬರೆದರು. ಕಾರ್ಡು ಮುಟ್ಟಲು ಎಷ್ಟು ದಿನವೋ ಎಂಬ ಚಿಂತೆಯಲ್ಲಿ ಎರಡು ದಿನ ಕಳೆದು, ಮೂರನೆಯ ದಿನ ಹಬ್ಬದ ಬುತ್ತಿ ಕಟ್ಟಿಸಿಕೊಂಡು ನಾನೇ ಹೊರಟುಬಿಟ್ಟೆ.

ತುಕ್ಕಾನಟ್ಟಿಗೆ ಮುಟ್ಟಿದಾಗ ಕಾರ್ಡು ಇನ್ನೂ ಬಂದಿರಲಿಲ್ಲ. ಚೀಲವನ್ನು ಬಾಗಿಲಲ್ಲೇ ಇಟ್ಟು ಹಿತ್ತಲಿಗೆ ಓಡಿದೆ. ತೊಟ್ಟಿಯಲ್ಲಿ ಮೂರು ಕಡೆ ಜೋಳದ ದಂಟುಗಳನ್ನು ಓರೆಯಾಗಿ ಇಳಿಬಿಟ್ಟಿದ್ದರು. ಒಂದರ ಮೇಲೆ, ನೀರಿನಿಂದ ನಾಲ್ಕು ಬೆರಳು ಮೇಲೆ, ಹೆಬ್ಬೆರಳ ಉಗುರಿನಷ್ಟು ಒಂದು ಕಪ್ಪೆ ಕೂತಿತ್ತು. ಬಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಅತ್ತೆ ಕೊಡ ಹೊತ್ತು ಬಾವಿಯಿಂದ ಬರುತ್ತಿದ್ದರು. ನನ್ನನ್ನು ನೋಡಿ ಕೊಡ ಇಳಿಸಿ, "ನಿನ್ನೆ ಹಿಡದ ಹತ್ತಾಕತ್ತಾವ" ಎಂದರು. "ಎಲ್ಲಾನೂ ಉಳದಿಲ್ಲವಾ. ಎಷ್ಟ ಉಳಿತಾವೋ ಅಷ್ಟ."